ಕನಕಗಿರಿ ಕಲಿತ ಅವ್ವ

ಹಳೆಯ ತಗಡಿನ ಡಬ್ಬಿಯಲ್ಲಿ ಒಂದು ಬಳಪದ ತುಂಡು ಸಿಕ್ಕಿತು. ಒಂದು ತುದಿ ಬರೆದು ಸವೆದಿತ್ತು, ಇನ್ನೊಂದು ತುದಿಯಲ್ಲಿ ಹಲ್ಲಿನ ಗುರುತಿತ್ತು. ಬೇರೆ ಯಾರದ್ದಾಗಿರಲು ಸಾಧ್ಯ... ಮರಳಿ ಎಂಬ ಊರಿನ ನಮ್ಮ ಎದುರುಮನೆಯ ಅವ್ವನದೇ. ಅರ್ಧ ಬಳಪದಲ್ಲಿ ಬರೆದು, ಉಳಿದರ್ಧ ತಿಂದು ಅಕ್ಷರ ಕಲಿತವಳು ಆಕೆ.

ಡಬ್ಬಿ ತೆರೆದದ್ದು ತರಬೇತಿಯ ನೋಟ್ಸಿಗಾಗಿ. ಮೊಬೈಲಿನಲ್ಲಿ ನಮ್ಮ ಶಿಕ್ಷಕರ ಗುಂಪಿನವರು ಮೂರು ದಿನದಿಂದ ಶಿಕ್ಷಣದ ಉದ್ದೇಶವೇನೆಂದು ಚರ್ಚಿಸುತ್ತಿದ್ದರು. ನಿವೃತ್ತರಾದ ಮೇಲೆ ನಮಗೆಲ್ಲ ಉದ್ದೇಶಗಳು ಬಹಳ ಸ್ಪಷ್ಟವಾಗಿ ಕಾಣತೊಡಗಿವೆ. ನಾನೂ ಏನಾದರೂ ತೂಕದ್ದು ಬರೆಯೋಣವೆಂದಿದ್ದೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಮರಳಿಯ ಶಾಲೆಗೆ ಹೊಸ ಟೀಚರಾಗಿ ಹೋಗಿದ್ದೆ. ಅವ್ವನ ಮಗಳನ್ನು ಕನಕಗಿರಿಗೆ ಕೊಟ್ಟಿದ್ದರು. ಗಂಗಾವತಿಯಲ್ಲಿ ಬಸ್ ಬದಲಿಸಿದರಾಯಿತು. ಆದರೆ ಓದಲು ಬಾರದಾಕೆ ಎಲ್ಲಿ ಕಳೆದುಹೋಗುತ್ತಾಳೋ ಎಂದು ಮಗ ಒಬ್ಬಳನ್ನೇ ಕಳಿಸುತ್ತಿರಲಿಲ್ಲ. ಕಾಲುವೆ ನೀರಿನ ಊರು, ವರ್ಷಕ್ಕೆ ಎರಡು ಬೆಳೆ. ಅವನಿಗೆ ಗದ್ದೆ ಕೆಲಸ ಮುಗಿಯುವುದು ಯಾವಾಗ, ಈಕೆ ಮಗಳ ಮುಖ ನೋಡುವುದು ಯಾವಾಗ?

ಒಂದು ಮಧ್ಯಾಹ್ನ ಪಾಟಿ ಹಿಡಿದು ಬಂದು ಕೂತಳು.

"ಅಕ್ಕೋರ, ನನಗ ಕನಕಗಿರಿ ಕಲಸ್ರಿ."

ಪದ್ಧತಿಯಂತೆ ನಾನು 'ಅ' ಬರೆದುಕೊಟ್ಟೆ.

"ಇದು ಕನಕಗಿರಿಯೊಳಗ ಬರ್ತೈತೇನ್ರಿ?"

"ಇಲ್ಲ."

"ಹಂಗಾರ ಬ್ಯಾಡ್ರಿ," ಎಂದು ಸೆರಗಿನಿಂದ ಒರೆಸಿಬಿಟ್ಟಳು.

ನನಗೆ ಸಿಟ್ಟು ಬಂತು. ಶಿಕ್ಷಣವೆಂದರೆ ವ್ಯಕ್ತಿಯ ಸರ್ವಾಂಗೀಣ ವಿಕಾಸವೆಂದು, ತರಬೇತಿಯಲ್ಲಿ ಬಾಯಿಪಾಠ ಮಾಡಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವ್ವ ಬಳಪ ಕಡಿಯುತ್ತ ಪೂರ್ತಿ ಕೇಳಿದಳು. "ಅದೂ ಆಗ್ಲಿ ಬಿಡ್ರಿ, ಆಮ್ಯಾಲೆ ನೋಡೂಣು. ಮೊದ್ಲ ಮಗಳ ಊರು."

ಹದಿನೈದು ದಿನಕ್ಕೆ ಕನಕಗಿರಿ ಬಂತು. ತಿರುಗಿ ಬರಲು ಬೇಕಲ್ಲ ಎಂದು ಗಂಗಾವತಿಯನ್ನೂ ಕಲಿತಳು. ಕುಷ್ಟಗಿ, ಯಲಬುರ್ಗಾ ಬರೆದುಕೊಡಹೋದರೆ, "ಅಲ್ಲಿ ನಮ್ಮವರು ಯಾರದಾರ್ರಿ?" ಎಂದು ಎದ್ದೇಬಿಟ್ಟಳು.

ಆಗ ಬಸ್ಸಿಗೆ ಹಲಗೆಯ ಬೋರ್ಡು. ಒಂದು ಮಗ್ಗುಲಿಗೆ ಹೋಗುವ ಊರು, ಇನ್ನೊಂದು ಮಗ್ಗುಲಿಗೆ ಹಿಂತಿರುಗುವ ಊರು. ಕೊನೆಯ ನಿಲ್ದಾಣದಲ್ಲಿ ಕಂಡಕ್ಟರ್ ಅದನ್ನು ತಿರುವಿ ಹಾಕಬೇಕು. ಅವ್ವ ಮೊದಲ ಸಲ ಒಬ್ಬಳೇ ಹೊರಟ ದಿನವೇ ಆ ಪುಣ್ಯಾತ್ಮ ಮರೆತಿದ್ದ. ಕನಕಗಿರಿಯಿಂದ ಮುನಿರಾಬಾದಿಗೆ ಹೊರಟ ಬಸ್ಸು 'ಕನಕಗಿರಿ' ಎಂಬ ಬೋರ್ಡನ್ನೇ ಹೊತ್ತು ಗಂಗಾವತಿಗೆ ಬಂದಿತ್ತು. ಅವ್ವ ಓದಿದಳು, ಯಾರನ್ನೂ ಕೇಳದೆ ಹತ್ತಿ ಕಿಟಕಿ ಪಕ್ಕ ಕೂತಳು. ಗದ್ದಲದಲ್ಲಿ ಕಂಡಕ್ಟರ್ ಟಿಕೆಟ್ ಕೊಡುತ್ತ ಆಕೆಯ ಹತ್ತಿರ ಬರುವಷ್ಟರಲ್ಲಿ ಗಂಗಾವತಿ ದೂರ ಉಳಿದಿತ್ತು.

"ಇಳಿಬೇ ಯವ್ವಾ, ಇದು ಮುನಿರಾಬಾದ್ ಬಸ್ಸು."

"ಬೋರ್ಡಿನ್ಯಾಗ ಕನಕಗಿರಿ ಐತಿ. ನಾ ಓದೀನಿ. ನೀನೂ ಓದಿ ಬಾ, ಹೋಗು."

ಮುಂದಿನ ನಿಲ್ದಾಣದಲ್ಲಿ ಅವನು ಇಳಿದು ಓದಿ ಬಂದನಂತೆ. ಬೋರ್ಡನ್ನು ಹಾಗೆಯೇ ಬಿಟ್ಟು ಉಳಿದವರಿಗೆ ಟಿಕೆಟ್ ಕೊಡತೊಡಗಿದನಂತೆ. ಮುನಿರಾಬಾದಿನಲ್ಲಿಯೂ ಅವ್ವ ಸೀಟು ಬಿಟ್ಟು ಏಳಲಿಲ್ಲ. ಅದೇ ಬಸ್ಸು ತಿರುಗಿ ಕನಕಗಿರಿಗೆ ಹೊರಟಿತು. ಬೋರ್ಡು ತಿರುವುವ ಕೆಲಸವೂ ಉಳಿಯಿತು! ಸಂಜೆಗೆ ಅವ್ವ ಮಗಳ ಮನೆ ಮುಟ್ಟಿದ್ದಳು.

ಮಗ ಇನ್ನು ಕಳಿಸುವುದಿಲ್ಲವೆಂದು ನಾನು ಹೆದರಿದ್ದೆ. "ನಾ ತಪ್ಪು ಓದಿದ್ರ ಮನ್ಯಾಗ ಕೂಡ್ತಿದ್ದೆ. ತಪ್ಪು ಹಾಕಿದಾವ ಅವ. ಅವನ್ನ ಕೂಡ್ರಸು, ಹೋಗು," ಎಂದು ಅವನ ಬಾಯಿ ಮುಚ್ಚಿಸಿದಳು. ಮುಂದೆ ಮನಸ್ಸು ಬಂದಾಗಲೆಲ್ಲ ಹೋದಳು. ಬೋರ್ಡು ಓದಿದ ಮೇಲೂ ಕಂಡಕ್ಟರನನ್ನು ತಪ್ಪದೆ ವಿಚಾರಿಸುತ್ತಿದ್ದಳು: "ತಿರುವಿ ಹಾಕೀಯಿಲ್ಲೋ ತಮ್ಮಾ?"

ಕೆಲವು ವರ್ಷಗಳ ನಂತರ ನನಗೆ ಕುಷ್ಟಗಿಗೆ ವರ್ಗವಾಯಿತು. ಸಾಮಾನು ಕಟ್ಟುತ್ತಿದ್ದಾಗ ಅವ್ವ ಮತ್ತೆ ಪಾಟಿ ಹಿಡಿದು ಬಂದಳು.

"ಕುಷ್ಟಗಿ ಬರದು ಕೊಡ್ರಿ, ಅಕ್ಕೋರ. ಈಗ ಅಲ್ಲಿ ನಮ್ಮವರದಾರ."

ಆ ದಿನದ್ದೇ ಈ ಬಳಪ...

ಗುಂಪಿನಲ್ಲಿ ಕೊನೆಗೆ ನಾನು ಬರೆದದ್ದು ಇಷ್ಟೇ: ಯಾರ ದಾರಿಯನ್ನೂ ಕಾಯದೆ ನಮ್ಮವರ ಊರಿಗೆ ಹೋಗಿ ಬರುವುದು. ಎರಡು ಹೆಬ್ಬೆರಳು, ಒಂದು ಗುಲಾಬಿ ಬಂದವು. ಬೇರೆ ಗುಂಪಿಗೆ ಹಾಕುವುದನ್ನು ಇಲ್ಲಿ ಹಾಕಿದಿರೇನು ಮೇಡಂ, ಎಂದು ಒಬ್ಬರು ಕೇಳಿದರು.

ಅವ್ವ ಕುಷ್ಟಗಿಗೆ ಎರಡು ಸಲ ಬಂದಳು, ಎರಡು ಸಲವೂ ಸರಿಯಾದ ಬಸ್ಸಿನಲ್ಲಿ. ನಾನು ರಜೆಗೆ ಬರುತ್ತೇನೆಂದು ಹೇಳಿ ಕಳಿಸುತ್ತಲೇ ಇದ್ದೆ. ಆಕೆ ತೀರಿಕೊಂಡ ಸುದ್ದಿಯೂ ತಿಂಗಳು ಕಳೆದ ಮೇಲೆ ತಿಳಿಯಿತು. ಎಲ್ಲ ಬೋರ್ಡುಗಳನ್ನೂ ಓದಬಲ್ಲ ನಾನು ಮರಳಿಯ ಬಸ್ಸು ಮಾತ್ರ ಹತ್ತಲಿಲ್ಲ.