ಹನುಮಕ್ಕನ ಅಂಗಳದ ಕಲ್ಲು

ನಮ್ಮ ಗುಬ್ಬಿಯಲ್ಲಿ ಪಕ್ಕದ ಮನೆಯ ಹನುಮಕ್ಕ ಮೆಣಸಿನಕಾಯಿ ಕೊಳ್ಳುವಾಗ ಚೀಲದ ಬಾಯಲ್ಲಿರುವುದನ್ನು ಮುಟ್ಟುವುದಿಲ್ಲ. ಮೊಣಕೈವರೆಗೆ ಕೈ ತೂರಿಸಿ, ನಡುವಿನಿಂದ ಒಂದು ಹಿಡಿ ತೆಗೆದು ನೋಡುತ್ತಾಳೆ. ಗಂಡ ಹೋದ ಮೇಲೆ ಮಜ್ಜಿಗೆ ಮೆಣಸು, ಹಪ್ಪಳ ಮಾಡಿಯೇ ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸಿದವಳು. ಎಲ್ಲ ಒಣಗುವುದು ಮನೆ ಮುಂದಿನ ಅಂಗಳದಲ್ಲಿ. ವರ್ಷಗಟ್ಟಲೆ ಉಪ್ಪುನೀರು ಸೋರಿ ಸೋರಿ ಅಲ್ಲಿನ ಸಿಮೆಂಟು ಪುಡಿಯಾಗಿ ಏಳುತ್ತಿತ್ತು. ಮೆಣಸಿನಲ್ಲಿ ಮರಳು ಸಿಕ್ಕಿತೆಂದು ತುಮಕೂರಿನ ಅಂಗಡಿಯವನು ಒಂದು ಸಲ ಚೀಲಗಳನ್ನೆಲ್ಲ ವಾಪಸು ಕಳಿಸಿದ. ಮತ್ತೆ ಹಾಗಾದರೆ ತನ್ನ ಅಂಗಡಿಯ ಕಡೆ ಬರುವುದೇ ಬೇಡ ಅಂದಿದ್ದ.

ಅವಳ ತಮ್ಮನ ಮಗ ಅಂಜನ್‌ಕುಮಾರ್ ಅಂಗಳಕ್ಕೆ ಮರಳುಗಲ್ಲು ಹಾಸೋಣ ಅಂದ. ರಾಜಸ್ಥಾನದ ಕಲ್ಲಂತೆ, ಬಿಸಿಲಲ್ಲಿ ಕಾಲು ಸುಡುವುದಿಲ್ಲವಂತೆ, ಮಾರುವವನು ಸ್ನೇಹಿತನಂತೆ, ಕಾಲೇಜಿನ ಲ್ಯಾಬಿನಲ್ಲೂ ಪಾಸಾಗಿದೆಯಂತೆ. ಲೋಡು ಬಂದು ಗೇಟಿನ ಬಳಿ ಇಳಿದೂಬಿಟ್ಟಿತು. ನೋಡಲು ಚೆನ್ನಾಗಿಯೇ ಇತ್ತು, ನಸುಗೆಂಪು ಚಪ್ಪಡಿ, ಒಂದೊಂದರಲ್ಲೂ ಕಡುಗೆಂಪು ಗೆರೆ. ಹನುಮಕ್ಕ ಸುತ್ತು ಹಾಕಿ ನೋಡಿ, ಲ್ಯಾಬಿಗೆ ಹೋದ ಚೂರನ್ನು ಆರಿಸಿದವರು ಯಾರು ಎಂದು ಕೇಳಿದಳು. ಆ ಸ್ನೇಹಿತನೇ ಅಂದ ಅಂಜನ.

“ಚೀಲದ ಬಾಯಿಂದ ಕೊಟ್ಟವ್ನೆ ಬುಡು,” ಅಂದಳು.

ರಾಶಿಯ ನಡುವಿನ ಚಪ್ಪಡಿ ಎಳೆಸಿ, ಅದರ ಮೂಲೆ ಒಡೆಸಿ, ಆ ತುಂಡನ್ನು ಮತ್ತೆ ಎರಡು ಮಾಡಿಸಿದಳು. ಒಂದಕ್ಕೆ ಸುಣ್ಣದಲ್ಲಿ ಗುರುತು ಹಾಕಿದಳು. ಜೊತೆಗೆ ನಾನು. ಬಸ್ಸು ಹತ್ತಿ, ಗುರುತಿನ ತುಂಡನ್ನು ತುಮಕೂರಿನ ಅದೇ ಕಾಲೇಜಿಗೆ ಒಯ್ದೆವು.

ಲ್ಯಾಬಿನಲ್ಲಿ ಸುಶ್ಮಿತಾ ಅನ್ನುವ ಹುಡುಗಿ ಬೇಸರವಿಲ್ಲದೆ ಹೇಳಿದಳು. ಕಲ್ಲನ್ನು ಗಟ್ಟಿ ಉಪ್ಪುನೀರಿನಲ್ಲಿ ನೆನೆಸುತ್ತಾರೆ, ಬಿಸಿ ಪೆಟ್ಟಿಗೆಯಲ್ಲಿ ಒಣಗಿಸುತ್ತಾರೆ, ಮತ್ತೆ ನೆನೆಸುತ್ತಾರೆ. ಕಣ್ಣಿಗೆ ಕಾಣದ ತೂತುಗಳಲ್ಲಿ ಉಪ್ಪು ಹರಳುಗಟ್ಟಿ ಕಲ್ಲನ್ನು ಒಳಗಿಂದ ತಳ್ಳುತ್ತದೆ. ಅಂಗಳದಲ್ಲಿ ವರ್ಷಾನುಗಟ್ಟಲೆ ಆಗುವುದು ಇಲ್ಲಿ ಕೆಲವೇ ವಾರದಲ್ಲಿ ಗೊತ್ತಾಗುತ್ತದೆ. ಹನುಮಕ್ಕ ತಲೆಯಾಡಿಸಿದಳು. ಹೊರಗೆ ಬಂದ ಮೇಲೆ, ಈ ಹುಡುಗಿಗೂ ಕಲ್ಲು ಮಾರುವವನಿಗೂ ಏನಾದರೂ ನಂಟಿರಬಹುದಾ ಎಂದು ನನ್ನ ಕಿವಿಯಲ್ಲಿ ಕೇಳಿದಳು.

ಮತ್ತೆ ಹೋದಾಗ ಅಂಜನನೂ ಬಂದ. ತಟ್ಟೆಯಲ್ಲಿದ್ದ ಕಲ್ಲಿನ ಅಂಚು ಹಳೇ ಬೆಲ್ಲದ ಹಾಗೆ ಉದುರುತ್ತಿತ್ತು. ಅಂಜನ ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

“ಅತ್ತೆ, ನೀನ್ ಹಾಕಿದ್ ಗುರ್ತೆಲ್ಲಿ? ಕಲ್ಲೇ ಬದಲಾಯ್ಸವ್ರೆ ಕಣತ್ತೆ.”

ಗುರುತು ನಿಜಕ್ಕೂ ಇರಲಿಲ್ಲ. ಸುಣ್ಣ ಮೊದಲ ಸಲ ನೆನೆಸಿದಾಗಲೇ ತೊಳೆದುಹೋಯಿತು ಅಂದಳು ಸುಶ್ಮಿತಾ. ಅವಳ ಮುಖ ಕೆಂಪಾಗಿತ್ತು. ಸುಳ್ಳು ಹೇಳುವವರ ಮುಖವೂ ಕೆಂಪಾಗುತ್ತದಲ್ಲ ಎಂದು ನನಗೂ ಅನುಮಾನ ಬಂತು. ಹನುಮಕ್ಕ ಅವಳನ್ನೇ ನೆಟ್ಟ ನೋಟದಿಂದ ನೋಡುತ್ತ, ಮಡಿಲಲ್ಲಿದ್ದ ಬ್ಯಾಗಿಗೆ ಕೈ ಹಾಕಿ ಬಟ್ಟೆ ಸುತ್ತಿದ ಇನ್ನೊಂದು ತುಂಡನ್ನು ತೆಗೆದಳು. ಎರಡನ್ನೂ ಮೇಜಿನ ಮೇಲೆ ಜೋಡಿಸಿದಳು. ಕಡುಗೆಂಪು ಗೆರೆ ಗಟ್ಟಿ ತುಂಡಿನಿಂದ ಉದುರುವ ತುಂಡಿಗೆ ನೇರ ಸಾಗಿತ್ತು.

“ಏನ್ಲಾ ಅಂಜನ, ಈ ಗೆರೇನೂ ಇವ್ಳೇ ಎಳ್ದವ್ಳಾ?”

ಆ ವಾರವೇ ಸ್ನೇಹಿತನ ಗಾಡಿ ಬಂದು ಲೋಡನ್ನು ಹೊತ್ತುಕೊಂಡು ಹೋಯಿತು.

ಆಮೇಲೆ ನಮ್ಮ ಕಡೆಯದೇ ಕರಿಕಲ್ಲಿನ ಚಪ್ಪಡಿ ಬಂತು. ಹನುಮಕ್ಕ ಅದರ ನಡುವಿನದನ್ನೂ ಒಡೆಸಿ ತುಮಕೂರಿಗೆ ಒಯ್ದಳು. ಸುಶ್ಮಿತಾ ನಗುತ್ತ, ಇದರ ಇನ್ನೊಂದರ್ಧವೂ ಬ್ಯಾಗಿನಲ್ಲೇ ಇದೆಯಾ ಅಜ್ಜಿ ಎಂದು ಕೇಳಿದಳು.

“ಇಲ್ಲ ಕಣವ್ವ,” ಅಂದಳು ಹನುಮಕ್ಕ. “ಮನೇಲದೆ. ಬೀಗ ಹಾಕಿವ್ನಿ.”