ಇನ್ನೊಮ್ಮಿ ನೋಡೂಣು

ತಿಕೋಟಾದ ದವಾಖಾನೆಯಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದ ನರೆಗೂದಲಿನ ಅಜ್ಜ ಒಬ್ಬರಿದ್ದರು; ಅವರು ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚುವ ಮೊದಲು ಚಷ್ಮಾವನ್ನು ಹಣೆಯ ಮೇಲೇರಿಸುತ್ತಿದ್ದರು. ಆಮೇಲೆ ಅದನ್ನು ಮರೆತು ಮೇಜಿನ ಮೇಲೆಲ್ಲ ತಡಕಾಡುತ್ತಿದ್ದರು. ಯಾರು ಏನೇ ಕೇಳಲಿ, 'ತಡೀರಿ, ಇನ್ನೊಮ್ಮಿ ನೋಡೂಣು' ಎನ್ನದೆ ಉತ್ತರ ಕೊಟ್ಟವರಲ್ಲ.

ನನ್ನ ಮೂರು ವರ್ಷದ ಮಗಳಿಗೆ ಮಲೇರಿಯಾ ಆದಾಗಲೂ ಎರಡು ಸಲ ನೋಡಿದರು. ರೋಗಾಣು ಕಂಡದ್ದು ಬಹಳ ಕಡಿಮೆ ಎಂದಾಗ, ದ್ರಾಕ್ಷಿ ತೋಟದವನಾದ ನಾನು ನಾಲ್ಕೇ ಎಲೆಗೆ ರೋಗ ಬಿದ್ದಿದೆ ಎಂಬಷ್ಟು ಹಗುರಾಗಿ, 'ಹಂಗಾರ ಮನಿಗೆ ಹೋಗ್ತೀವ್ರಿ' ಎಂದೆ. ಅವರು ನನ್ನ ಹೆಗಲ ಮೇಲೆ ಮಲಗಿದ್ದ ಮಗಳ ಕೆನ್ನೆ ತಟ್ಟಿದರು. ಅವಳು ಕಣ್ಣು ತೆರೆಯಲಿಲ್ಲ.

'ಗೌಡ್ರ, ಬಳ್ಳಿ ಕತ್ತರಿಸಿ ಚಾಟ್ನಿ ಮಾಡಿದ ಮ್ಯಾಲ ಎಲ್ಲಾ ಕಣ್ಣೂ ಒಡದು ಚಿಗುರ್ತಾವೇನ್ರಿ?'

'ಇಲ್ರಿ, ಕೆಲವು ಮಲಗಿರ್ತಾವ.'

'ಈ ರೋಗಾಣುವಿನ ಜೀನೂ ಹಂಗ. ಕೆಲವು ಜೀನ್ ಎದ್ದುವಂದ್ರ ರೋಗಾಣು ಮಿದುಳಿನ ರಕ್ತನಾಳಕ್ಕ ಅಂಟಿ ಕೂಡ್ತೈತಿ, ನನ್ನ ಕಾಚಿನ ಮ್ಯಾಲಿನ ರಕ್ತದ ಹನಿಯಾಗ ಕಾಣಂಗಿಲ್ಲ. ಎಣಿಕಿ ನಂಬಬ್ಯಾಡ್ರಿ, ಕೂಸಿನ ಮಾರಿ ನೋಡ್ರಿ. ಈಗಿಂದೀಗ ಬಿಜಾಪುರದ ದೊಡ್ಡ ದವಾಖಾನಿಗೆ ಹೋಗ್ರಿ.'

ಡಾಕ್ಟರನ್ನು ಕರೆದವರೂ, ಆಂಬುಲೆನ್ಸಿಗೆ ಫೋನು ಮಾಡಿದವರೂ ಅವರೇ.

ತಿಂಗಳಾದ ಮೇಲೆ ಮತ್ತೆ ರಕ್ತ ತೋರಿಸಲು ಹೋದೆವು. ಎರಡು ಸಲ ನೋಡಿ, 'ಏನೂ ಇಲ್ರಿ' ಎಂದು ನಕ್ಕು, ಚೀಟಿ ಬರೆಯಲು ಚಷ್ಮಾ ಹುಡುಕತೊಡಗಿದರು. ಮೇಜಿನ ಮೇಲೆ ಕೂತಿದ್ದ ಮಗಳು ಕೈ ಚಾಚಿ, ಅವರ ಹಣೆಯ ಮೇಲಿದ್ದುದನ್ನು ಮೂಗಿಗೆ ಇಳಿಸಿ ಹೇಳಿದಳು:

'ಮುತ್ಯಾ, ಈಗ ಇನ್ನೊಮ್ಮಿ ನೋಡು.'