ಗೋಡೆ ತುಂಬ ಕನ್ನಡಿ

2022ರಲ್ಲಿ ನಾನು ಹೈದರಾಬಾದಿನ ಕೂಕಟ್‌ಪಲ್ಲಿಯ ಬಾತ್‌ರೂಮ್ ಫರ್ನಿಚರ್ ಶೋರೂಮೊಂದರಲ್ಲಿ ಹಿರಿಯ ಡಿಸೈನರ್ ಆಗಿದ್ದೆ. ಕಂಬದ ಮೇಲೆ ನಿಲ್ಲುವ ಗುಲಾಬಿ ಬೇಸಿನ್‌ಗಳ ಕಾಲದಿಂದ ಇದೇ ಕೆಲಸ. ಆಮೇಲೆ ಬೇಸಿನ್ ಕೆಳಗೆ ಪ್ಲೈವುಡ್ ಕಪಾಟು ಬಂತು. ಅದೂ ಹಳತಾಗಿ, ಕಾಲಿಲ್ಲದೆ ಗೋಡೆಗೆ ತೂಗುವ, ವ್ಯಾನಿಟಿ ಎಂಬ ಡ್ರಾಯರ್ ಇರುವ ಬೇಸಿನ್ ಕಪಾಟು ಬಂತು. ಆ ವರ್ಷದ ಹುಚ್ಚು ಗೋಡೆಯಿಂದ ಗೋಡೆಗೆ ಎಲ್‌ಇಡಿ ಕನ್ನಡಿ. ಸಣ್ಣದು ಕೇಳಿದವರು ನನ್ನ ಕಣ್ಣಿಗೆ ಗುಗ್ಗುಗಳು. ಅಷ್ಟು ಸೊಕ್ಕು ನನಗೆ!

ಮಿಯಾಪುರದ ಹೊಸ ಫ್ಲ್ಯಾಟಿಗೆ ಕರೆಸಿದವರು ರಾಯಚೂರು ಕಡೆಯ ದಂಪತಿ. ಗಂಡ ಬಸವರಾಜ್ ಮಾತಿನ ಮಲ್ಲ. ಹೆಂಡತಿ ಗಿರಿಜಾ ಹೇಳಿದ್ದು ಒಂದೇ ಮಾತು: "ಮಾರಿ ಕಂಡ್ರ ಸಾಕ್ರಿ ಮೇಡಂ, ಸಣ್ಣ ಕನ್ನಡಿ ಹಾಕ್ರಿ."

"ಅಯ್ಯ, ಈಗ ಸಣ್ಣದು ಯಾರ ಹಾಕ್ತಾರ್ರಿ? ನೋಡಿದ ಮಂದಿ ನಗ್ತಾರ," ಎಂದು ನಾನೇ ನಕ್ಕೆ. ಬಸವರಾಜರೂ ನಕ್ಕರು. ಆರಡಿ ಕನ್ನಡಿ ಗೋಡೆಗೇರಿತು.

ಎರಡು ತಿಂಗಳ ನಂತರ, ವ್ಯಾನಿಟಿಯ ಡ್ರಾಯರ್ ಸಿಕ್ಕಿಕೊಳ್ಳುತ್ತಿದೆ ಎಂದು ಫೋನ್ ಬಂತು. ಹೋಗಿ ನೋಡಿದರೆ ಕನ್ನಡಿಯ ತುಂಬ ಹಳೆಯ ಚಾದರ ಇಳಿಬಿಟ್ಟಿದೆ. ಮನೆಯಲ್ಲಿ ಗಿರಿಜಾ ಒಬ್ಬರೇ ಇದ್ದರು.

"ಇದೇನ್ರೀ, ಕನ್ನಡಿಗೆ ನಾಚಿಕಿ ಬಂತೇನ?" ಎಂದು ತಮಾಷೆ ಮಾಡಿದೆ.

"ಅದಕ್ಕಲ್ರಿ, ನನಗ," ಎಂದರು. "ಹ್ವಾದ ವರ್ಷ ಕ್ಯಾನ್ಸರ್ ಆಪರೇಷನ್ ಆಗೈತ್ರಿ. ಒಂದ ಎದಿ ತಗದಾರ. ಜಳಕಕ್ಕ ಹ್ವಾದ್ರ ಅದ ಕಾಣತೈತಿ. ಲೈಟ್ ಆರಿಸಿ ಜಳಕ ಮಾಡಾಕ ಹೋಗಿ ಜಾರಿ ಬಿದ್ದೆ. ಅದಕ್ಕ ಚಾದರ ಹಾಕಾಕತ್ತೀನಿ. ಅವ್ರು ಆಫೀಸಿಂದ ಬರೂದ್ರಾಗ ತಗದ ಇಡ್ತೀನ್ರಿ."

ನನ್ನ ನಾಲಿಗೆ ಬಿದ್ದುಹೋಗಬಾರದಿತ್ತೇ ಅನಿಸಿತು. ನಾನೂ ಹೆಂಗಸು, ಯಾಕೆ ಸಣ್ಣದು ಬೇಕು ಅಂತ ಅವತ್ತು ಒಂದು ಮಾತು ಕೇಳಲಿಲ್ಲವಲ್ಲ! ಕನ್ನಡಿ ಬದಲಿಸಿಕೊಡುತ್ತೇನೆ, ಯಜಮಾನರಿಗೆ ನಾನೇ ಹೇಳುತ್ತೇನೆ ಎಂದೆ.

"ಬ್ಯಾಡ್ರಿ," ಎಂದು ಕೈಹಿಡಿದರು. "ನಾ ಆರಾಮ ಆದೆ ಅನ್ನೂ ಖುಷಿಗೆ ಮಾಡಿಸ್ಯಾರ. ಇದ ಗೊತ್ತಾದ್ರ ಭಾಳ ನೊಂದ್ಕೋತಾರ."

ಶೋರೂಮಿಗೆ ಮರಳಿ ಬಸವರಾಜರಿಗೆ ಫೋನ್ ಮಾಡಿದೆ. ಆ ಕನ್ನಡಿಯ ವೈರಿಂಗ್‌ನಲ್ಲಿ ದೋಷವಿದೆ, ಶಾಕ್ ಹೊಡೆಯಬಹುದು, ವಾಪಸ್ ಪಡೆಯುತ್ತಿದ್ದೇವೆ ಎಂದು ಸುಳ್ಳು ಹೇಳಿದೆ. ಮರುದಿನ ಅದನ್ನು ಕಳಚಿಸಿ, ಮುಖದಷ್ಟೇ ಕನ್ನಡಿಯಿರುವ ತೇಗದ ಕಪಾಟು ಕೂರಿಸಿದೆ.

ಬಸವರಾಜರು ಕೆಂಡವಾದರು. "ಜರಾ ಆದ್ರೂ ಶರಮ್ ಐತೇನ್ರಿ ನಿಮಗ? ಮನಿ ಹೆಣ್ಮಗಳ ಜೀವಕ್ಕ ಏನರ ಆಗಿದ್ರ?"

ಬಾಗಿಲ ಹತ್ತಿರ ಗಿರಿಜಾ ಸೆರಗು ಹಿಡಿದುಕೊಂಡು ನಿಂತಿದ್ದರು. ಗಿರಾಕಿಯ ಬಾಯಿಂದ ಬರುವ ಒಂದು ಸಣ್ಣ ಮಾತಿಗೂ ಟ್ರೆಂಡನ್ನು ಪಕ್ಕಕ್ಕಿಟ್ಟು ಕಿವಿಗೊಡಬೇಕು ಎಂಬುದನ್ನು ಅಷ್ಟು ವರ್ಷದ ಕೆಲಸ ನನಗೆ ಕಲಿಸಿರಲಿಲ್ಲ. ಅಲ್ಲಿ ತಲೆತಗ್ಗಿಸಿ ನಿಂತು ಕಲಿತೆ.

"ತಪ್ಪಾತ್ರಿ," ಎಂದೆ. ಹೇಳಿದ್ದು ಬಸವರಾಜರಿಗಲ್ಲ.